ನಾ ಸೇರಿದ ತಾರೀಖು ನಂದ ಅಲ್ಲೇನು? ವಿಮಾನ ಕಂಪನಿಗಳ ವಿಲೀನ ಮತ್ತು ಪೈಲಟ್‌ಗಳ ಸೀನಿಯಾರಿಟಿ ಪಟ್ಟಿ

(ಪಾಡ್‌ಕ್ಯಾಸ್ಟ್‌ನ ಲಿಖಿತ ರೂಪ)

ಎಲ್ಲಿಂದ ಕೇಳ್ತಿದ್ದೀರಿ? ಸರ್ಜಾಪುರ ರೋಡಿನ ಟ್ರಾಫಿಕ್ಕಲ್ಲಿ ಕ್ಯಾಬ್ ಒಳಗೆ ಕೂತಿದ್ದರೆ ಚಿಂತೆ ಬಿಡಿ, ಈ ಎಪಿಸೋಡ್ ಮುಗಿಯೋ ಹೊತ್ತಿಗೆ ದೊಮ್ಮಸಂದ್ರ ದಾಟಿರ್ತೀರಿ. ದಾಟದೇ ಇದ್ದರೆ ಇನ್ನೊಂದು ಸಲ ಕೇಳಿ.

ಇವತ್ತಿನ ಕಥೆ ಶುರುವಾಗಿದ್ದು ಸರ್ಜಾಪುರದಲ್ಲಿರೋ ನನ್ನ ಬಾಡಿಗೆ ಮನೆಯಲ್ಲಿ. ನಮ್ಮ ದೊಡ್ಡಪ್ಪನ ಮಗ, ನಾನು ಅಣ್ಣ ಅಂತ ಕರೆಯೋನು, ಒಂದು ವಿಮಾನ ಕಂಪನಿಯಲ್ಲಿ ಫಸ್ಟ್ ಆಫೀಸರ್. ಅಂದ್ರೆ ಕಾಕ್‌ಪಿಟ್‌ನಲ್ಲಿ ಬಲಗಡೆ ಸೀಟಿನಲ್ಲಿ ಕೂರೋ ಪೈಲಟ್. ಎಡಗಡೆ ಸೀಟು ಕ್ಯಾಪ್ಟನ್‌ದು. ಕಂಪನಿ ಹೆಸರು ಬೇಡ. ಒಂದು ಭಾನುವಾರ ಊಟಕ್ಕೆ ಬಂದಿದ್ದ. ತಟ್ಟೆ ಮುಂದೆ ಇಟ್ಟರೂ ಕೈ ಮೊಬೈಲ್ ಬಿಡ್ತಿಲ್ಲ. ಒಂದು ಪಿಡಿಎಫ್ ತೆಗೆದು ಬೆರಳಲ್ಲಿ ಮೇಲೆ ಕೆಳಗೆ, ಮೇಲೆ ಕೆಳಗೆ. ಏನಣ್ಣ ಅದು ಅಂದೆ. ‘ಪಟ್ಟಿ’ ಅಂದ.

ಅವನ ಕಂಪನಿ ಇನ್ನೊಂದು ಕಂಪನಿ ಜೊತೆ ವಿಲೀನ ಆಗಿತ್ತು. ಎರಡೂ ಕಡೆಯ ಪೈಲಟ್‌ಗಳನ್ನು ಸೇರಿಸಿ ಒಂದೇ ಸೀನಿಯಾರಿಟಿ ಪಟ್ಟಿ ಮಾಡೋ ಕೆಲಸ ನಡೀತಿತ್ತು. ಕರಡು ಪಟ್ಟಿಯಲ್ಲಿ ಅವನು ಅಂದುಕೊಂಡಿದ್ದಕ್ಕಿಂತ ಬಹಳ ಕೆಳಗೆ ಇಳಿದಿದ್ದ. ಧಾರವಾಡದ ಕಡೆ ಹೊಲ ಅಡವಿಟ್ಟು, ಬ್ಯಾಂಕಿನಲ್ಲಿ ಸಾಲ ಮಾಡಿ ಪೈಲಟ್ ಆದವನು. ಕ್ಯಾಪ್ಟನ್ ಆದ ಮೇಲೆ ಸಾಲ ತೀರಿಸಬಹುದು ಅನ್ನೋದು ಮನೆಯವರೆಲ್ಲರ ಲೆಕ್ಕ. ಅವನು ನನ್ನ ಮುಖ ನೋಡಿ ಕೇಳಿದ ಮಾತು ಇದು: ‘ಅಲ್ಲೋ ತಮ್ಮಾ, ನಾ ನೌಕರಿಗೆ ಸೇರಿದ ತಾರೀಖು ನಂದ ಅಲ್ಲೇನು? ಅದನ್ನ ಇವ್ರು ಹೆಂಗ ಹಿಂದ ಹಾಕ್ತಾರ?’

ನನಗೆ ಉತ್ತರ ಗೊತ್ತಿರಲಿಲ್ಲ. ಹುಡುಕ್ತಾ ಹೋದೆ. ಅದು ನನ್ನನ್ನು ಕರ್ನಾಟಕ ಏಕೀಕರಣದವರೆಗೂ ಕರ್ಕೊಂಡು ಹೋಯ್ತು. ಹೇಗೆ ಅಂತ ಹೇಳ್ತೀನಿ.

ಒಂದು ನಂಬರ್‌ಗೆ ಯಾಕಿಷ್ಟು ಒದ್ದಾಟ?

ಮೊದಲು ಸೀನಿಯಾರಿಟಿ ಅಂದ್ರೆ ಪೈಲಟ್‌ಗೆ ಏನು ಅಂತ ತಿಳ್ಕೊಳ್ಳೋಣ. ನಮ್ಮ ಐಟಿ ಕಡೆ ಸೀನಿಯರ್ ಅಂದ್ರೆ ಬಹುಪಾಲು ಹೆಸರಿಗೆ ಅಂಟಿಕೊಂಡಿರೋ ಒಂದು ಪದ. ಸರಿ ಬರಲಿಲ್ಲ ಅಂದ್ರೆ ಪಕ್ಕದ ಟೆಕ್ ಪಾರ್ಕಿಗೆ ಹೋಗಿ, ಸಂಬಳ ಜಾಸ್ತಿ ಮಾಡಿಕೊಂಡು, ಲೀಡ್ ಅಂತಲೇ ಸೇರಬಹುದು. ಅನುಭವ ನಮ್ಮ ಜೊತೆ ಬರುತ್ತೆ.

ಪೈಲಟ್‌ಗೆ ಹಾಗಲ್ಲ. ಹಾರಾಟದ ಗಂಟೆಗಳು ಲಾಗ್‌ಬುಕ್ಕಿನಲ್ಲಿ ಅವನ ಜೊತೆ ಬರುತ್ತವೆ, ಲೈಸೆನ್ಸ್ ಬರುತ್ತೆ. ಪಟ್ಟಿಯಲ್ಲಿನ ನಂಬರ್ ಮಾತ್ರ ಬರಲ್ಲ. ಬೇರೆ ಕಂಪನಿ ಅವನನ್ನು ನೇರವಾಗಿ ಕ್ಯಾಪ್ಟನ್ ಆಗಿಯೇ ತಗೊಂಡರೂ, ಅಲ್ಲಿನ ಪಟ್ಟಿಯಲ್ಲಿ ಅವನು ಹೊಸಬ. ಪಟ್ಟಿಗೆ ಹೆಚ್ಚು ಬೆಲೆ ಕೊಡೋ ಕಂಪನಿಗಳಲ್ಲಿ ಆ ನಂಬರ್ ಏನೆಲ್ಲಾ ತೀರ್ಮಾನ ಮಾಡುತ್ತೆ ನೋಡಿ. ಬಲ ಸೀಟಿನಿಂದ ಎಡ ಸೀಟಿಗೆ ಯಾವಾಗ ಹೋಗ್ತೀರಿ. ಎಟಿಆರ್‌ನಂಥ ಸಣ್ಣ ವಿಮಾನದಿಂದ ಏರ್‌ಬಸ್ 320ಕ್ಕೆ, ಅಲ್ಲಿಂದ ದೇಶ ದಾಟೋ ದೊಡ್ಡ ವಿಮಾನಕ್ಕೆ ಯಾವಾಗ. ಬೆಂಗಳೂರಲ್ಲೇ ಇರ್ತೀರೋ, ಬೇರೆ ಊರಿಗೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೋಗ್ತೀರೋ. ಯುಗಾದಿಗೆ ರಜೆ ಯಾರಿಗೆ. ಕೊನೆಗೆ, ಕಂಪನಿ ಜನರನ್ನು ತೆಗೆಯೋ ದಿನ ಬಂದರೆ ಮೊದಲು ಯಾರು. ಸಾಮಾನ್ಯವಾಗಿ ಕೊನೆಗೆ ಬಂದವರೇ ಮೊದಲು.

ಬಿಟ್ಟು ಹೋಗೋದೂ ಸುಲಭ ಅಲ್ಲ. 2017ರಲ್ಲಿ ಡಿಜಿಸಿಎ, ಅಂದ್ರೆ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ನೋಟಿಸ್ ಅವಧಿಯನ್ನು ಕ್ಯಾಪ್ಟನ್‌ಗಳಿಗೆ 1 ವರ್ಷ, ಫಸ್ಟ್ ಆಫೀಸರ್‌ಗಳಿಗೆ 6 ತಿಂಗಳು ಅಂತ ಮಾಡಿತು. ನಾವು 60 ದಿನದ ನೋಟಿಸ್‌ಗೇ ಗೋಳಾಡ್ತೀವಿ!

ಈಗ ಎರಡು ಕಂಪನಿ ಒಂದಾದವು ಅಂದುಕೊಳ್ಳಿ. ಲೆಕ್ಕಕ್ಕೆ ಒಂದು ಉದಾಹರಣೆ ಕಟ್ಟೋಣ. ಹಳೇ ಕಂಪನಿಯಲ್ಲಿ 100 ಪೈಲಟ್‌ಗಳು. ಅವರಲ್ಲಿ 80 ಜನ ಸೇರಿ 6 ವರ್ಷ ದಾಟಿದೆ. ಅಲ್ಲಿ ಬಡ್ತಿ ಆಮೆ ವೇಗದ್ದು. ಹೊಸ ಕಂಪನಿ ಶುರುವಾಗಿಯೇ 6 ವರ್ಷ, 50 ಪೈಲಟ್‌ಗಳು, ಬಡ್ತಿ ಬೇಗ. ಹೊಸ ಕಂಪನಿಯ ಪಟ್ಟಿಯಲ್ಲಿ 10ನೆಯವನಾಗಿರೋ ಒಬ್ಬ ಪೈಲಟ್ ಈಗಾಗಲೇ ಕ್ಯಾಪ್ಟನ್. ಒಟ್ಟು ಪಟ್ಟಿಯಲ್ಲಿ ಅವನ ಜಾಗ ಎಲ್ಲಿ?

ಸೇರಿದ ತಾರೀಖಿನ ಪ್ರಕಾರ ಹೋದರೆ ಆ 80 ಜನರೂ ಅವನ ಮುಂದೆ. ಅವನು 90 ಅಥವಾ ಅದಕ್ಕೂ ಕೆಳಗೆ. ಹಳೆಯವರು ಇಬ್ಬರಿಗೆ ಹೊಸಬರು ಒಬ್ಬರು ಅಂತ ಜಡೆ ಹೆಣೆದ ಹಾಗೆ ಹೆಣೆದರೆ ಅವನು 30. ಕೊಂಡುಕೊಂಡ ಕಂಪನಿ ನಮ್ಮವರೆಲ್ಲ ಮೊದಲು, ನಿಮ್ಮವರೆಲ್ಲ ಆಮೇಲೆ ಅಂದರೆ 110. ಅದೇ ಮನುಷ್ಯ, ಅದೇ ಲಾಗ್‌ಬುಕ್, ಅದೇ ತಾರೀಖು. 30, 90, 110. ಇನ್ನೊಂದು ಕಷ್ಟ ಏನಪ್ಪಾ ಅಂದ್ರೆ, ಒಬ್ಬನನ್ನು 90ರಿಂದ 30ಕ್ಕೆ ಹತ್ತಿಸಬೇಕು ಅಂದ್ರೆ ಮಧ್ಯದ 60 ಜನ ಒಂದೊಂದು ಮೆಟ್ಟಿಲು ಇಳೀಬೇಕು. ಸಂಬಳ ಆದರೆ ಎಲ್ಲರಿಗೂ ಏರಿಸಬಹುದು. ಸಾಲಿನಲ್ಲಿ ಎಲ್ಲರನ್ನೂ ಮುಂದೆ ನಿಲ್ಲಿಸೋಕೆ ಆಗುತ್ತಾ?

ನಮ್ಮ ಅಜ್ಜನ ಪಟ್ಟಿ

ಇದನ್ನೆಲ್ಲ ಅಣ್ಣನಿಗೆ ಫೋನಲ್ಲಿ ವಿವರಿಸ್ತಾ ಇದ್ದಾಗ ಅವನು ನಕ್ಕ. ‘ಇದು ನಮ್ಮ ಅಜ್ಜನ ಕತೀನ ಆತಲ್ಲೋ’ ಅಂದ.

ನಮ್ಮಜ್ಜ ಧಾರವಾಡದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಕೆಲಸಕ್ಕೆ ಸೇರಿದಾಗ ಅದು ಮುಂಬಯಿ ರಾಜ್ಯ. 1956ರ ನವೆಂಬರ್ 1ಕ್ಕೆ ಕುರ್ಚಿ ಅಲ್ಲೇ ಇತ್ತು, ರಾಜ್ಯ ಬದಲಾಯ್ತು. ನಾವು ಆ ದಿನವನ್ನು ಬಾವುಟ ಹಾರಿಸಿ ಆಚರಿಸ್ತೀವಿ, ಆಚರಿಸಬೇಕು ಕೂಡ. ಆದರೆ ಅದೇ ದಿನ ಇನ್ನೊಂದು ನಡೀತು. ಹಳೇ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಅಂತ ಐದು ಆಡಳಿತಗಳ ನೌಕರರು ಒಂದೇ ಸರ್ಕಾರದ ನೌಕರರಾದರು. ಐದು ಕಡೆ ಐದು ಥರದ ಹುದ್ದೆ, ಐದು ಥರದ ಸಂಬಳ, ಐದು ಥರದ ಇಲಾಖಾ ಪರೀಕ್ಷೆ. ಒಂದು ಕಡೆ ಇದ್ದ ಹುದ್ದೆ ಇನ್ನೊಂದು ಕಡೆ ಇರಲೇ ಇಲ್ಲ. ಇವರನ್ನೆಲ್ಲ ಒಂದು ಜ್ಯೇಷ್ಠತಾ ಪಟ್ಟಿಗೆ ತರಬೇಕು. ಒಂದು ಲೆಕ್ಕದಲ್ಲಿ ಇವತ್ತಿನ ಕರ್ನಾಟಕವೇ ಒಂದು ದೊಡ್ಡ ಮರ್ಜರ್!

ಆದರೆ ಅವತ್ತು ಮಾಡಿದ ಒಂದು ಕೆಲಸ ಗಮನಿಸಿ. ವಿಲೀನಕ್ಕೆ ಮೊದಲೇ, 1956ರ ಮೇ ತಿಂಗಳಲ್ಲಿ, ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳ ಸಭೆ ಸೇರಿತ್ತು. ಯಾವ ಹುದ್ದೆ ಯಾವ ಹುದ್ದೆಗೆ ಸಮ ಅಂತ ತೀರ್ಮಾನಿಸೋಕೆ ನಾಲ್ಕು ಅಳತೆಗೋಲು ಒಪ್ಪಿಕೊಂಡರು. ಒಂದು, ಹುದ್ದೆಯ ಕೆಲಸದ ಸ್ವರೂಪ. ಎರಡು, ಅದರ ಹೊಣೆ ಮತ್ತು ಅಧಿಕಾರ. ಮೂರು, ಅದಕ್ಕೆ ಬೇಕಾದ ಕನಿಷ್ಠ ವಿದ್ಯಾರ್ಹತೆ. ನಾಲ್ಕು, ಸಂಬಳ. ಸಂಬಳವನ್ನು ಕೊನೆಗೆ ಇಟ್ಟರು, ಯಾಕಂದ್ರೆ ಹೆಚ್ಚು ಸಂಬಳ ಕೊಡ್ತಿದ್ದ ರಾಜ್ಯದವರು ಆ ಒಂದೇ ಕಾರಣಕ್ಕೆ ಮೇಲೆ ಹೋಗಬಾರದು. ಹುದ್ದೆ ಸಮ ಅಂತ ಆದ ಮೇಲೆ, ಆ ದರ್ಜೆಯಲ್ಲಿ ಬಿಡದೆ ಎಷ್ಟು ಕಾಲ ಕೆಲಸ ಮಾಡಿದ್ದಾರೆ ಅನ್ನೋದರ ಮೇಲೆ ಜ್ಯೇಷ್ಠತೆ. ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 115ನೇ ಸೆಕ್ಷನ್ ಇದಕ್ಕೆ ಬೆನ್ನೆಲುಬು. ಎಲ್ಲ ನೌಕರರಿಗೂ ನ್ಯಾಯವಾದ, ಸಮದೂಗಿದ ನಡವಳಿಕೆ ಸಿಗಬೇಕು, ಅದನ್ನು ನೋಡಿಕೊಳ್ಳೋಕೆ ಸಲಹಾ ಸಮಿತಿ ಇರಬೇಕು ಅಂತ ಅದು ಹೇಳ್ತು. ನೌಕರರ ಸೇವಾ ಷರತ್ತುಗಳನ್ನು ಅವರಿಗೆ ನಷ್ಟವಾಗೋ ಹಾಗೆ ಬದಲಾಯಿಸೋಕೆ ಕೇಂದ್ರದ ಪೂರ್ವಾನುಮತಿ ಬೇಕು ಅಂತಲೂ ಹೇಳ್ತು.

ಇಷ್ಟಿದ್ದೂ ಜಗಳ ನಿಲ್ಲಲಿಲ್ಲ. ಮದ್ರಾಸ್ ಕಡೆಯಿಂದ ಬಂದಿದ್ದ ದಕ್ಷಿಣ ಕನ್ನಡದ ನೌಕರರೊಬ್ಬರ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯ್ತು. ಅಲ್ಲಿಗೆ ಹೋದದ್ದು ಅದೊಂದೇ ಅಲ್ಲ. ನಮ್ಮಜ್ಜ ಕೋರ್ಟಿಗೆ ಹೋಗಲಿಲ್ಲ. ಪ್ರತಿ ಪಟ್ಟಿ ಬಂದಾಗಲೂ ಕನ್ನಡಕ ಹಾಕ್ಕೊಂಡು ಹೆಸರು ಹುಡುಕೋರು ಅಂತ ಅಜ್ಜಿ ಹೇಳ್ತಿದ್ದಳು. ಹೆಸರು ಸರಿಯಾದ ಜಾಗಕ್ಕೆ ಬಂದಾಗ ನಿವೃತ್ತಿಗೆ ಸ್ವಲ್ಪವೇ ಕಾಲ ಉಳಿದಿತ್ತು. ಅಜ್ಜ ಕನ್ನಡಕದಲ್ಲಿ ಹುಡುಕಿದ್ದನ್ನ ಮೊಮ್ಮಗ ಮೊಬೈಲಲ್ಲಿ ಹುಡುಕ್ತಿದ್ದಾನೆ.

ಒಂದೇ ಬಣ್ಣ, ಎರಡು ಪಟ್ಟಿ

ಈಗ ವಿಮಾನಕ್ಕೆ ವಾಪಸ್ ಬರೋಣ. ನೆಟ್‌ಫ್ಲಿಕ್ಸ್‌ನಲ್ಲಿ ಐಸಿ 814 ಸೀರೀಸ್ ನೋಡಿರಬಹುದು. ಆ ಐಸಿ ಅನ್ನೋದು ಇಂಡಿಯನ್ ಏರ್‌ಲೈನ್ಸ್‌ನ ಕೋಡ್. ಆ ಕಂಪನಿ ಹುಟ್ಟಿದ್ದೇ ವಿಲೀನದಿಂದ. 1953ರಲ್ಲಿ ಸರ್ಕಾರ ವಿಮಾನಯಾನವನ್ನು ರಾಷ್ಟ್ರೀಕರಣ ಮಾಡಿದಾಗ ಡೆಕ್ಕನ್ ಏರ್‌ವೇಸ್, ಭಾರತ್ ಏರ್‌ವೇಸ್, ಕಳಿಂಗ ಏರ್‌ಲೈನ್ಸ್ ಮುಂತಾದ ಖಾಸಗಿ ಕಂಪನಿಗಳನ್ನು ಒಟ್ಟು ಹಾಕಿ ಇಂಡಿಯನ್ ಏರ್‌ಲೈನ್ಸ್ ಮಾಡಿತು. ದೇಶದೊಳಗೆ ಅದು, ಹೊರದೇಶಕ್ಕೆ ಏರ್ ಇಂಡಿಯಾ. ಐವತ್ತಕ್ಕೂ ಹೆಚ್ಚು ವರ್ಷ ಇವೆರಡೂ ಅಕ್ಕಪಕ್ಕದ ಮನೆ ಇದ್ದ ಹಾಗೆ ಇದ್ದವು.

2007ರಲ್ಲಿ ಎರಡನ್ನೂ ಸೇರಿಸಿದರು. ವಿಮಾನಗಳ ಬಣ್ಣ ಬದಲಾಯ್ತು. 2011ರ ಫೆಬ್ರವರಿಗೆ ಐಸಿ ಕೋಡ್ ಕೂಡ ಹೋಯ್ತು. ಆದರೆ ಪೈಲಟ್‌ಗಳು ಒಂದಾಗಲಿಲ್ಲ. ಇಂಡಿಯನ್ ಏರ್‌ಲೈನ್ಸ್ ಕಡೆಯವರಿಗೆ ಐಸಿಪಿಎ ಅನ್ನೋ ಸಂಘ, ಏರ್ ಇಂಡಿಯಾ ಕಡೆಯವರಿಗೆ ಇಂಡಿಯನ್ ಪೈಲಟ್ಸ್ ಗಿಲ್ಡ್. ಎರಡು ಸಂಘ, ಎರಡು ಸಂಬಳ ಪದ್ಧತಿ, ಎರಡು ಬಡ್ತಿ ದಾರಿ. 2011ರ ಏಪ್ರಿಲ್ ಕೊನೆಯಲ್ಲಿ ಐಸಿಪಿಎ ಸಮಾನ ಸಂಬಳ ಕೇಳಿ ಸುಮಾರು 10 ದಿನ ಮುಷ್ಕರ ಮಾಡಿತು. ಆಮೇಲೆ ಸರ್ಕಾರ ನ್ಯಾಯಮೂರ್ತಿ ಧರ್ಮಾಧಿಕಾರಿ ಸಮಿತಿ ಮಾಡಿತು. ಸಂಬಳ, ದರ್ಜೆ, ಸೀನಿಯಾರಿಟಿ ಎಲ್ಲ ಹೇಗೆ ಹೊಂದಿಸಬೇಕು ಅಂತ ನೋಡೋಕೆ. ಗಮನಿಸಿ, ಕಂಪನಿಗಳು ಸೇರಿದ್ದು 2007ರಲ್ಲಿ, ಸಮಿತಿ 2011ರಲ್ಲಿ, ವರದಿ ಬಂದಿದ್ದು 2012ರ ಜನವರಿಯಲ್ಲಿ. ಮದುವೆ ಆಗಿ ನಾಲ್ಕೈದು ವರ್ಷ ಆದ ಮೇಲೆ ಜಾತಕ ನೋಡಿದ ಹಾಗೆ.

ವರದಿ ಬಂದ ಕೆಲವೇ ತಿಂಗಳಿಗೆ ಇನ್ನೂ ದೊಡ್ಡ ಗಲಾಟೆ. ವಿಲೀನಕ್ಕೆ ಮೊದಲೇ ಏರ್ ಇಂಡಿಯಾ 27 ಡ್ರೀಮ್‌ಲೈನರ್ ವಿಮಾನಗಳಿಗೆ ಆರ್ಡರ್ ಕೊಟ್ಟಿತ್ತು. ಇಂಡಿಯನ್ ಏರ್‌ಲೈನ್ಸ್ 43 ಏರ್‌ಬಸ್‌ಗೆ ಕೊಟ್ಟಿತ್ತು. ಡ್ರೀಮ್‌ಲೈನರ್ ಬರೋ ಹೊತ್ತಿಗೆ, ಅದರ ತರಬೇತಿಗೆ ಎರಡೂ ಕಡೆಯವರನ್ನು ಕಳಿಸ್ತೀವಿ ಅಂತ ಆಡಳಿತ ಹೇಳ್ತು. ಗಿಲ್ಡ್‌ನವರು ಎದ್ದು ನಿಂತರು. ಈ ವಿಮಾನ ಬರುತ್ತೆ, ಅದರಲ್ಲಿ ನಮಗೆ ಕ್ಯಾಪ್ಟನ್ ಸೀಟು ಸಿಗುತ್ತೆ ಅಂತ ನಾವು ವರ್ಷಗಟ್ಟಲೆ ಕಾದಿದ್ದೇವೆ, ಬಡ್ತಿ ನಮ್ಮ ಕಡೆ ನಿಧಾನ ಅನ್ನೋದು ಅವರ ವಾದ. ಈಗ ಕಂಪನಿ ಒಂದೇ ತಾನೇ, ವಿಮಾನ ಎಲ್ಲರದೂ ಅಲ್ವಾ ಅನ್ನೋದು ಇನ್ನೊಂದು ಕಡೆಯ ವಾದ. 2012ರ ಮೇ ತಿಂಗಳಿಂದ ಜುಲೈವರೆಗೆ 58 ದಿನ ಮುಷ್ಕರ ನಡೀತು. ನೂರಕ್ಕೂ ಹೆಚ್ಚು ಪೈಲಟ್‌ಗಳನ್ನು ವಜಾ ಮಾಡಿದರು. ದೆಹಲಿ ಹೈಕೋರ್ಟಿನಲ್ಲಿ ಕೆಲಸಕ್ಕೆ ವಾಪಸ್ ಬರ್ತೀವಿ ಅಂತ ಬರೆದುಕೊಟ್ಟ ಮೇಲೆ ಅದು ಮುಗೀತು.

ಪ್ರಯಾಣಿಕರಿಗೆ ಕಂಡಿದ್ದು ರದ್ದಾದ ವಿಮಾನಗಳು. ಪೇಪರಲ್ಲಿ ಬಂದಿದ್ದು ಲಕ್ಷ ಲಕ್ಷ ಸಂಬಳದವರಿಗೆ ಯಾಕೆ ಮುಷ್ಕರ ಅನ್ನೋ ಸಿಟ್ಟು. ನಾನೂ ಆಗ ಹಾಗೇ ಅಂದುಕೊಂಡಿದ್ದೆ. ಈಗ ನೋಡಿದರೆ ಇಬ್ಬರ ಮಾತಿನಲ್ಲೂ ನಿಜ ಇತ್ತು ಅನ್ನಿಸುತ್ತೆ. ಇಬ್ಬರೂ ತಮ್ಮ ವಯಸ್ಸನ್ನು ಕೊಟ್ಟು ಕಾದಿದ್ದರು. ಆ ಕಾಯುವಿಕೆಗೆ ಏನು ಬೆಲೆ ಅಂತ ಮೊದಲೇ ಯಾರೂ ಬರೆದಿರಲಿಲ್ಲ ಅಷ್ಟೇ.

ಕಂಪನಿಗೂ ಸೀನಿಯಾರಿಟಿ ಉಂಟು

ಇದಕ್ಕಿಂತ ನಮಗೆ ಹತ್ತಿರದ ಕಥೆ ಬೆಂಗಳೂರಿನದೇ. ಸೂರರೈ ಪೋಟ್ರು ಸಿನಿಮಾ ನೋಡಿದ್ದೀರಲ್ಲ? ಅದಕ್ಕೆ ಸ್ಫೂರ್ತಿ ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್. ಸೇನೆಯಿಂದ ಬಂದು, ಬೇಸಾಯ ಮಾಡಿ, ಜಕ್ಕೂರಿನಿಂದ ಹೆಲಿಕಾಪ್ಟರ್ ಹಾರಿಸಿ, 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. ಎಟಿಆರ್ ವಿಮಾನ ಹುಬ್ಬಳ್ಳಿಯಂಥ ಊರಿಗೂ ಬಂತು. ನಮ್ಮಣ್ಣನ ತಲೆಗೆ ಪೈಲಟ್ ಹುಳ ಹೊಕ್ಕಿದ್ದೇ ಹುಬ್ಬಳ್ಳಿಯಲ್ಲಿ ಆ ವಿಮಾನ ಇಳಿಯೋದನ್ನು ಬೇಲಿ ಆಚೆ ನಿಂತು ನೋಡಿದಾಗ.

2005ರ ಮೇನಲ್ಲಿ ವಿಜಯ್ ಮಲ್ಯ ಅವರ ಕಿಂಗ್‌ಫಿಶರ್ ಹಾರಾಟ ಶುರು ಮಾಡಿತು. 2007ರಲ್ಲಿ ಮಲ್ಯ ಅವರ ಯುಬಿ ಗುಂಪು ಡೆಕ್ಕನ್‌ನಲ್ಲಿ 26 ಶೇಕಡಾ ಷೇರು ಕೊಂಡಿತು. 2008ರಲ್ಲಿ ಎರಡೂ ಒಂದಾದವು. ಇಲ್ಲೊಂದು ಸ್ವಾರಸ್ಯ ಇದೆ. ಆಗ 5/20 ಅನ್ನೋ ನಿಯಮ ಇತ್ತು. ವಿದೇಶಕ್ಕೆ ಹಾರಬೇಕಾದರೆ ಕಂಪನಿ ದೇಶದೊಳಗೆ 5 ವರ್ಷ ಹಾರಿರಬೇಕು, 20 ವಿಮಾನ ಇರಬೇಕು. ಕಿಂಗ್‌ಫಿಶರ್‌ಗೆ 5 ವರ್ಷ ತುಂಬೋಕೆ 2010 ಆಗಬೇಕಿತ್ತು. ಡೆಕ್ಕನ್‌ಗೆ 2008ರ ಆಗಸ್ಟ್‌ಗೇ ತುಂಬ್ತಿತ್ತು. ಹಾಗಾಗಿ ಏನು ಮಾಡಿದರು? ಕಿಂಗ್‌ಫಿಶರ್‌ನ ವಿಮಾನ ವ್ಯವಹಾರವನ್ನು ಡೆಕ್ಕನ್ ಕಂಪನಿಯೊಳಗೆ ತಂದು, ಡೆಕ್ಕನ್ ಕಂಪನಿಗೇ ಕಿಂಗ್‌ಫಿಶರ್ ಅಂತ ಹೆಸರಿಟ್ಟರು. 2008ರ ಸೆಪ್ಟೆಂಬರ್ 3ಕ್ಕೆ ಬೆಂಗಳೂರಿನಿಂದ ಲಂಡನ್‌ಗೆ ವಿಮಾನ ಹಾರಿತು.

ಅಂದ್ರೆ ಏನಾಯ್ತು? ವಿಲೀನದಲ್ಲಿ ಕಂಪನಿಯ ಸೇರಿದ ತಾರೀಖು, ಅದರ ಸೀನಿಯಾರಿಟಿ, ಒಂದು ದಿನವೂ ಕಳೆಯದಂತೆ ಹೊಸ ಹೆಸರಿಗೆ ದಾಟಿತು. ಅದು ಆಸ್ತಿ ಅಂತ ಎಲ್ಲರಿಗೂ ಗೊತ್ತಿತ್ತು, ಅದಕ್ಕೆ ವಕೀಲರು, ಬ್ಯಾಂಕಿನವರು ಕೂತು ದಾರಿ ಹುಡುಕಿದರು. ವಿಮಾನ ಕಂಪನಿಯ 5 ವರ್ಷಕ್ಕೆ ಬೆಲೆ ಇದೆ ಅಂದ್ರೆ ಅದರೊಳಗೆ ದುಡಿದ ಮನುಷ್ಯನ 5 ವರ್ಷಕ್ಕೂ ಬೆಲೆ ಇರಬೇಕಲ್ವಾ? ನನ್ನ ವಾದ ಇಷ್ಟೇ.

ಆ ಕಥೆಯ ಕೊನೆ ನಿಮಗೆ ಗೊತ್ತು. ಸಾಲ ಏರಿತು, ಸಂಬಳ ತಿಂಗಳುಗಟ್ಟಲೆ ನಿಂತಿತು, 2012ರ ಅಕ್ಟೋಬರ್‌ನಲ್ಲಿ ವಿಮಾನಗಳು ನೆಲಕ್ಕಿಳಿದವು, ಡಿಜಿಸಿಎ ಪರವಾನಗಿ ಅಮಾನತು ಮಾಡಿತು. ಕಂಪನಿಯೇ ನಿಂತ ಮೇಲೆ ಪಟ್ಟಿಯಲ್ಲಿ 1ನೇ ನಂಬರ್ ಇದ್ದವರಿಗೂ ಕೊನೇ ನಂಬರ್ ಇದ್ದವರಿಗೂ ವ್ಯತ್ಯಾಸ ಉಳಿಯಲಿಲ್ಲ. ಸೀನಿಯಾರಿಟಿ ಅನ್ನೋದು ಒಂದೇ ಊರಲ್ಲಿ ನಡೆಯೋ ನಾಣ್ಯ. ಊರೇ ಮುಳುಗಿದರೆ ಅದನ್ನು ಎಲ್ಲೂ ಮಾರೋಕಾಗಲ್ಲ. ಅದಕ್ಕೇ ವಿಲೀನದ ಸುದ್ದಿ ಬಂದಾಗ ಪೈಲಟ್‌ಗಳ ಹೊಟ್ಟೆಯಲ್ಲಿ ಎರಡು ಭಯ ಒಟ್ಟಿಗೆ ಹುಟ್ಟುತ್ತವೆ: ಸೇರಿದರೆ ನಂಬರ್ ಹೋಗಬಹುದು, ಸೇರದಿದ್ದರೆ ಕೆಲಸವೇ ಹೋಗಬಹುದು.

ಸ್ಟೇಪ್ಲರ್ ಹೊಡೆದರು

ಬೇರೆ ದೇಶದವರು ಇದನ್ನು ಹೇಗೆ ನಿಭಾಯಿಸಿದ್ದಾರೆ? ಅಮೆರಿಕದಲ್ಲಿ ಪಟ್ಟಿಯೇ ಸರ್ವಸ್ವ. 2001ರಲ್ಲಿ ಅಮೆರಿಕನ್ ಏರ್‌ಲೈನ್ಸ್, ಟಿಡಬ್ಲ್ಯೂಎ ಅನ್ನೋ ಹಳೇ ಕಂಪನಿಯನ್ನು ಕೊಂಡಿತು. ಟಿಡಬ್ಲ್ಯೂಎ ಪೈಲಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಪಟ್ಟಿಯ ಬುಡಕ್ಕೆ ಹಾಕಿದರು. ಕ್ಯಾಬಿನ್ ಸಿಬ್ಬಂದಿಯನ್ನಂತೂ ಎಲ್ಲರನ್ನೂ. ಇದಕ್ಕೆ ಅಲ್ಲಿ ಸ್ಟೇಪಲ್ ಮಾಡೋದು ಅಂತಾರೆ. ನಮ್ಮ ಪಟ್ಟಿಯ ಕೆಳಗೆ ನಿಮ್ಮ ಪಟ್ಟಿ ಇಟ್ಟು ಪಿನ್ ಹೊಡೆದುಬಿಡೋದು. ಅದೇ ವರ್ಷ ಸೆಪ್ಟೆಂಬರ್ 11ರ ದಾಳಿ ಆಯ್ತು, ವಿಮಾನಯಾನ ಕುಸೀತು, ಕೆಲಸ ಹೋಗಿದ್ದು ಬುಡದಲ್ಲಿದ್ದವರದು. ಎಷ್ಟೋ ವರ್ಷ ಹಾರಿದವರು ಮನೆಗೆ ಹೋದರು.

ಆ ಸಿಟ್ಟಿನಿಂದ 2007ರಲ್ಲಿ ಒಂದು ಕಾನೂನು ಬಂತು, ಮೆಕ್ಯಾಸ್ಕಿಲ್–ಬಾಂಡ್ ಕಾನೂನು ಅಂತ. ವಿಮಾನ ಕಂಪನಿಗಳು ಸೇರಿದಾಗ ಪಟ್ಟಿಗಳನ್ನು ನ್ಯಾಯವಾಗಿ, ಸಮದೂಗಿದ ರೀತಿಯಲ್ಲಿ ಹೊಂದಿಸಬೇಕು, ಒಪ್ಪಂದ ಆಗದಿದ್ದರೆ ಮೂರನೆಯ ಮಧ್ಯಸ್ಥರ ಮುಂದೆ ಹೋಗಬೇಕು. ಈ ಮಾತು ಅದು ತಗೊಂಡಿದ್ದು 1972ರ ಅಲಿಗೇನಿ–ಮೊಹಾಕ್ ಅನ್ನೋ ವಿಲೀನದ ಷರತ್ತುಗಳಿಂದ. ಅದನ್ನು ಓದ್ತಾ ನಾನು ಒಂದು ಕ್ಷಣ ನಿಂತುಬಿಟ್ಟೆ. ಎರಡು ಪದ, ಇಂಗ್ಲಿಷಿನಲ್ಲಿ ‘ಫೇರ್ ಅಂಡ್ ಈಕ್ವಿಟೆಬಲ್’. ನಮ್ಮ 1956ರ ಕಾಯ್ದೆಯ 115ನೇ ಸೆಕ್ಷನ್‌ನಲ್ಲಿ ಇರೋದೂ ಅದೇ ಎರಡು ಪದ. ಅಜ್ಜನಿಗೆ ಅನ್ವಯಿಸಿದ ಮಾತು.

ಕಾನೂನು ಇದ್ದರೆ ಎಲ್ಲ ಸರಿ ಹೋಗುತ್ತೆ ಅಂತಲ್ಲ. 2005ರಲ್ಲಿ ಅಮೆರಿಕ ವೆಸ್ಟ್ ಮತ್ತು ಯುಎಸ್ ಏರ್‌ವೇಸ್ ಸೇರಿದವು. 2007ರಲ್ಲಿ ಮಧ್ಯಸ್ಥರು ತೀರ್ಪು ಕೊಟ್ಟರು. ಒಂದು ಕಡೆಯವರು ಒಪ್ಪಲೇ ಇಲ್ಲ, ತಮ್ಮ ಸಂಘವನ್ನೇ ಬದಲಾಯಿಸಿಬಿಟ್ಟರು. ಆ ಕಂಪನಿ 2013ರಲ್ಲಿ ಅಮೆರಿಕನ್ ಜೊತೆ ಸೇರಿ, 2016ರಲ್ಲಿ ಮೂರೂ ಕಡೆಯವರ ಒಂದೇ ಪಟ್ಟಿ ಬರೋವರೆಗೆ ಪೂರ್ವದವರು, ಪಶ್ಚಿಮದವರು ಅಂತ ಪೈಲಟ್‌ಗಳು ಬೇರೆ ಬೇರೆಯಾಗೇ ಉಳಿದರು. ಹನ್ನೊಂದು ವರ್ಷ!

ಈಗ, ಇಲ್ಲಿ

ನಮ್ಮ ದೇಶದಲ್ಲಿ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 25 ಎಫ್‌ಎಫ್ ಸೆಕ್ಷನ್ ಕಂಪನಿ ಕೈ ಬದಲಾದಾಗಿನ ಮಾತನ್ನು ಆಡ್ತಿತ್ತು. ಸೇವೆ ಮುರೀಬಾರದು, ಷರತ್ತುಗಳು ಮೊದಲಿಗಿಂತ ಕಡಿಮೆ ಆಗಬಾರದು, ಇಲ್ಲದಿದ್ದರೆ ಪರಿಹಾರ ಕೊಡಬೇಕು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಅದೇ ತಿರುಳಿನ ಕಲಮು ಇದೆ. ಒಳ್ಳೇದೇ. ಆದರೆ ಇಬ್ಬರ ಪಟ್ಟಿ ಸೇರಿದಾಗ ಯಾರು ಮುಂದೆ, ಯಾರು ಹಿಂದೆ ಅನ್ನೋದರ ಬಗ್ಗೆ ಆ ಸೆಕ್ಷನ್‌ನಲ್ಲಿ ಒಂದು ಮಾತೂ ಇಲ್ಲ. ಅಣ್ಣನ ಪಿಡಿಎಫ್ ಸಿಕ್ಕಿಹಾಕಿಕೊಂಡಿದ್ದು ಆ ಖಾಲಿ ಜಾಗದಲ್ಲಿ.

2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಕೈಗೆ ವಾಪಸ್ ಬಂದ ಮೇಲೆ ವಿಲೀನಗಳ ಹೊಸ ಸುತ್ತು ನಡೀತು. ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇದ್ದ ಏರ್‌ಏಷ್ಯಾ ಇಂಡಿಯಾ, 2014ರ ಜೂನ್‌ನಲ್ಲಿ ಬೆಂಗಳೂರು–ಗೋವಾ ಹಾರಾಟದಿಂದ ಶುರುವಾಗಿದ್ದು, 2024ರ ಅಕ್ಟೋಬರ್ 1ಕ್ಕೆ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಒಳಗೆ ಸೇರಿತು. ನವೆಂಬರ್ 12ಕ್ಕೆ ವಿಸ್ತಾರ ಏರ್ ಇಂಡಿಯಾದಲ್ಲಿ ಸೇರಿತು. ಅದಕ್ಕೆ ಮುಂಚೆ, ಆ ವರ್ಷದ ಏಪ್ರಿಲ್‌ನಲ್ಲಿ, ವಿಸ್ತಾರದ ಪೈಲಟ್‌ಗಳ ಅಸಮಾಧಾನ ಹೊರಗೆ ಬಂತು. ಮೊದಲು 70 ಗಂಟೆಗೆ ಖಾತರಿ ಸಂಬಳ ಇದ್ದದ್ದು ಹೊಸ ಕರಾರಿನಲ್ಲಿ 40 ಗಂಟೆಗೆ ಇಳಿದಿತ್ತು. ಸಾಲದ್ದಕ್ಕೆ ಸೀನಿಯಾರಿಟಿ ಏನಾಗುತ್ತೋ ಅನ್ನೋ ಚಿಂತೆ. ಪೈಲಟ್‌ಗಳು ಸಿಗದೆ ಕಂಪನಿ ದಿನಕ್ಕೆ 25ರಿಂದ 30 ಹಾರಾಟ ಕಡಿತ ಮಾಡಬೇಕಾಯ್ತು.

ಪೈಲಟ್ ಕಥೆ ನಮಗ್ಯಾಕೆ ಅಂತೀರಾ? ನನ್ನದೇ ಹೇಳ್ತೀನಿ. ನಾನು ಕೆಲಸ ಮಾಡೋ ಸಣ್ಣ ಸಾಫ್ಟ್‌ವೇರ್ ಕಂಪನಿಯನ್ನು ಎರಡು ವರ್ಷದ ಹಿಂದೆ ಒಂದು ದೊಡ್ಡ ಕಂಪನಿ ಕೊಂಡಿತು. ಕೇಕ್ ಕತ್ತರಿಸಿದರು, ಹೊಸ ಟೀ ಶರ್ಟ್ ಕೊಟ್ಟರು. ವಾರದ ಮೇಲೆ ಎಚ್‌ಆರ್ ಪೋರ್ಟಲ್ ತೆಗೆದು ನೋಡಿದರೆ ನನ್ನ ಸೇರಿದ ತಾರೀಖಿನ ಜಾಗದಲ್ಲಿ ವಿಲೀನದ ತಾರೀಖು! ನಾಲ್ಕೂವರೆ ವರ್ಷ ಮಾಯ. ಗ್ರಾಚ್ಯುಯಿಟಿಗೆ 5 ವರ್ಷ ಬಿಡದೆ ಸೇವೆ ಬೇಕು ಅಂತ ಆಗ ನೆನಪಾಯ್ತು. ಮೂರು ತಿಂಗಳು ಮೇಲ್ ಮೇಲೆ ಮೇಲ್ ಕಳಿಸಿ ಸರಿ ಮಾಡಿಸಿಕೊಂಡೆ. ಸಿಸ್ಟಂ ಎರರ್ ಅಂದರು. ಇರಬಹುದು. ಆದರೆ ನನ್ನ ಪಕ್ಕದ ಸೀಟಿನವನು ಪೋರ್ಟಲ್ ತೆಗೆದು ನೋಡೇ ಇರಲಿಲ್ಲ.

ಹಾಗಾಗಿ ನಿಮ್ಮ ಕಂಪನಿ ವಿಲೀನ ಅಂದ ದಿನ ಟೀ ಶರ್ಟ್ ಹಾಕ್ಕೊಳ್ಳಿ, ಬೇಡ ಅನ್ನಲ್ಲ. ಜೊತೆಗೆ ಮೂರು ಕೇಳಿ, ಬರಹದಲ್ಲೇ ಕೇಳಿ. ನನ್ನ ಸೇವೆ ಹಳೇ ತಾರೀಖಿನಿಂದಲೇ ಮುಂದುವರಿಯುತ್ತಾ? ನನ್ನ ಹುದ್ದೆ ಅಲ್ಲಿ ಯಾವ ಹುದ್ದೆಗೆ ಸಮ, ಅದನ್ನು ಯಾವ ಅಳತೆಯಲ್ಲಿ ತೀರ್ಮಾನ ಮಾಡಿದಿರಿ? ಒಪ್ಪಿಗೆ ಇಲ್ಲದಿದ್ದರೆ ಯಾರ ಮುಂದೆ ಹೇಳಬೇಕು? ಇದೇನೂ ಹೊಸದಲ್ಲ. 1956ರಲ್ಲಿ ಸರ್ಕಾರಿ ಗುಮಾಸ್ತರಿಗಾಗಿ ಯೋಚಿಸಿದ್ದೇ ಈ ಮೂರು. ಅವತ್ತು ಉತ್ತರಗಳು ತಡವಾಗಿ ಬಂದವು, ನಮ್ಮಜ್ಜನಂಥವರಿಗೆ ತೀರಾ ತಡವಾಗಿ. ಆದರೆ ಅಳತೆಗೋಲು ಮೊದಲೇ ಇತ್ತು, ಹಾಗಾಗಿ ಜಗಳ ಆಡೋಕೆ ಒಂದು ಜಾಗವಾದರೂ ಇತ್ತು.

ಹೋದ ವಾರ ಅಣ್ಣ ಮತ್ತೆ ಬಂದಿದ್ದ. ಬಸ್ ಸ್ಟ್ಯಾಂಡ್ ಹತ್ತಿರ ಟೀ ಕುಡೀತಾ ಇದನ್ನೆಲ್ಲ ಹೇಳಿದೆ. ನೀ ಸೇರಿದ ತಾರೀಖು ನಿಂದೇ ಅಣ್ಣ, ಅದನ್ನ ಯಾರೂ ಕಿತ್ಕೊಳ್ಳಲ್ಲ, ಆದರೆ ಅದಕ್ಕೆ ಎಷ್ಟು ಬೆಲೆ ಅಂತ ಬರೆಯೋದು ಬೇರೆಯವರು ಅಂದೆ. ಅವನು ಕರಡು ಪಟ್ಟಿಗೆ ಆಕ್ಷೇಪಣೆ ಬರೆದು ಕೊಟ್ಟಿದ್ದಾನಂತೆ. ಅವನ ಜೊತೆ ಇನ್ನೂ ಕೆಲವರು. ಉತ್ತರ ಬಂದಿಲ್ಲ.

ನಾನು ಅವನಿಗೆ ಒಂದು ಪ್ರಶ್ನೆ ಕೇಳಿದೆ. ಪಟ್ಟಿಯಲ್ಲಿ ನಿನ್ನ ಮುಂದೆ ಬಂದವರ ಮೇಲೆ ಸಿಟ್ಟಿದೆಯಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಅವ್ರ ಜೋಡೀನ ಹಾರಬೇಕಲ್ಲೋ’ ಅಂದ. ‘ನಾ ಬಲಕ್ಕ, ಅವ್ರು ಎಡಕ್ಕ. ಹಿಂದ ನೂರಾ ಎಂಬತ್ತು ಮಂದಿ ಕುಂತಿರ್ತಾರ. ಸಿಟ್ಟು ಮನ್ಯಾಗ ಬಿಟ್ಟು ಹೋಗಬೇಕಾಗ್ತೈತಿ.’

ಮಾರನೇ ದಿನ ಬೆಳಗಿನ ಹಾರಾಟ ಇತ್ತು ಅವನಿಗೆ. ಸರ್ಜಾಪುರದಿಂದ ದೇವನಹಳ್ಳಿ ಊರಿನ ಆ ತುದಿ, ಕಂಪನಿ ಕ್ಯಾಬ್ ರಾತ್ರಿ ಎರಡಕ್ಕೇ ಬಂತು. ನಾನು ಬಾಗಿಲು ತೆಗೆದೆ. ಟೋಪಿ ಕಂಕುಳಲ್ಲಿ ಇಟ್ಕೊಂಡು, ಬ್ಯಾಗ್ ಸದ್ದಾಗದ ಹಾಗೆ ಎತ್ಕೊಂಡು ಮೆಟ್ಟಿಲು ಇಳಿದ. ತೋಳಿನ ಮೇಲೆ ಅದೇ ಫಸ್ಟ್ ಆಫೀಸರ್ ಪಟ್ಟಿಗಳು.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲೂ 1956ರ ಪಟ್ಟಿಯ ಕಥೆ ಇದ್ದರೆ, ಬ್ಯಾಂಕ್ ವಿಲೀನದ ಕಥೆ ಇದ್ದರೆ, ಅಥವಾ ನಿಮ್ಮದೇ ಪೋರ್ಟಲ್‌ನ ಕಥೆ ಇದ್ದರೆ ನಮಗೆ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಸಿಗೋಣ.